ವೈರ್‌ಮನ್ನನ ಪರೀಕ್ಷೆ: ಒಂದು ಸಣ್ಣ ಚರಿತ್ರೆ

ಎರಡು ವರ್ಷದ ಹಿಂದೆ ಪುಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡಲು ಪಾರ್ಕಿಂಗ್ ಜಾಗದಲ್ಲಿ ಪಾಯಿಂಟ್ ಹಾಕಿಸಬೇಕೆಂಬ ಮಾತು ಬಂತು. ಕಮಿಟಿಯಲ್ಲಿ ನಾನೂ ಒಬ್ಬ. ಕಂಟ್ರಾಕ್ಟರು ಕಳಿಸಿದ ಹುಡುಗ ಬಂದು ಮೀಟರ್ ಬೋರ್ಡು ನೋಡಿ, ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಹೆಜ್ಜೆ ಎಣಿಸುತ್ತಿದ್ದ. ಫೋನಿನಲ್ಲಿ ಯಾರ ಜೊತೆಗೋ ‘ಹೂಂ ಯವ್ವಾ, ಉಂಡೀನಿ’ ಅಂದದ್ದು ಕಿವಿಗೆ ಬಿತ್ತು. ಇಂಡಿ ತಾಲೂಕಿನವನಂತೆ. ವಿಜಯಪುರದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ನಾಲ್ಕು ವರ್ಷದಿಂದ ಪುಣೆಯಲ್ಲಿದ್ದಾನೆ.

ನಮ್ಮ ಸೆಕ್ರೆಟರಿ ನಿವೃತ್ತ ಬ್ಯಾಂಕ್ ಅಧಿಕಾರಿ, ಕಾಗದ ಪತ್ರದಲ್ಲಿ ಬಿಗಿ. ‘ಪರ್ಮಿಟ್ ಇದೆಯಾ?’ ಎಂದು ಮರಾಠಿಯಲ್ಲಿ ಕೇಳಿದರು. ಹುಡುಗ ಪರ್ಸಿನಿಂದ ಲ್ಯಾಮಿನೇಟ್ ಮಾಡಿದ ಜೆರಾಕ್ಸ್ ಒಂದನ್ನು ತೆಗೆದ. ಫೋಟೋದಲ್ಲಿದ್ದವರು ಬೇರೆ ಯಾರೋ.

ಆಮೇಲೆ ಚಹಾ ಕುಡಿಯುತ್ತ ಕೇಳಿದೆ, ‘ನಿಂದು ಯಾಕ ಮಾಡಿಸಿಲ್ಲ ತಮ್ಮಾ?’

‘ಕೆಲಸ ಬರ್ತದರಿ ಸರ. ಪರೀಕ್ಷಾ ಅಂದ್ರ ಅಂಜಿಕಿ.’

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ಪರೀಕ್ಷೆ ಬರೆದು ಪಡೆದ ಸರ್ಟಿಫಿಕೇಟುಗಳು ನಾಲ್ಕೈದಿವೆ. ಮಾದರಿ ಪ್ರಶ್ನೆಗಳನ್ನು ಉರು ಹೊಡೆದು ಪಾಸಾದ ಪರೀಕ್ಷೆಗಳೇ ಹೆಚ್ಚು. ಹಾಗಾಗಿ ಧೈರ್ಯದಿಂದ, ‘ಅದರಾಗೇನದ? ಭಾನುವಾರ ಬಾ, ನಾ ಓದಿಸ್ತೀನಿ’ ಎಂದುಬಿಟ್ಟೆ. ಅವನನ್ನು ಓದಿಸಲು ಹೋಗಿ ನಾನು ಓದಿದ್ದರ ಫಲ ಈ ಲೇಖನ. ಎಂಟೆಕ್ ಮಾಡಿದವನಿಗೂ ಗೊತ್ತಿಲ್ಲದ ಒಂದು ಚರಿತ್ರೆ ಆ ಪ್ರಶ್ನೆಪತ್ರಿಕೆಯ ಹಿಂದೆ ಇದೆ.

ಮೊದಲು ಹೆದರಿದ್ದು ಬೆಂಕಿಗೆ

ವಿದ್ಯುತ್ ಕೆಲಸಕ್ಕೆ ನಿಯಮ ಬರೆಯಬೇಕೆಂದು ಮೊದಲು ಹೊರಟವರ ತಲೆಯಲ್ಲಿ ಕೆಲಸಗಾರ ಇರಲಿಲ್ಲ, ಕಟ್ಟಡ ಇತ್ತು. 1882ರಲ್ಲಿ ಲಂಡನ್ನಿನಲ್ಲಿ ಟೆಲಿಗ್ರಾಫ್ ಎಂಜಿನಿಯರುಗಳ ಸಂಘವೊಂದು ಕೆಲವೇ ಪುಟಗಳ ನಿಯಮಾವಳಿ ಹೊರಡಿಸಿತು. ಅದರ ಹೆಸರಿನಲ್ಲೇ ಉದ್ದೇಶ ಇದೆ: ವಿದ್ಯುತ್ ದೀಪದಿಂದ ಆಗುವ ಬೆಂಕಿಯ ಅಪಾಯವನ್ನು ತಡೆಯುವ ನಿಯಮಗಳು. ಅದೇ ವರ್ಷ ಫೀನಿಕ್ಸ್ ಎಂಬ ಅಗ್ನಿವಿಮಾ ಕಂಪನಿಗಾಗಿ ಮಸ್‌ಗ್ರೇವ್ ಹೀಫಿ ಎಂಬ ಎಂಜಿನಿಯರ್ ಇನ್ನೊಂದು ನಿಯಮಾವಳಿ ಬರೆದ. ವಿಮೆ ಬೇಕಿದ್ದರೆ ವೈರಿಂಗ್ ಹೀಗಿರಬೇಕು ಎಂಬುದು ಅದರ ಧಾಟಿ. ಟೆಲಿಗ್ರಾಫ್ ಸಂಘದ ಆ ಪುಟಗಳೇ ಬೆಳೆದು ಬ್ರಿಟನ್ನಿನ ಇಂದಿನ ವೈರಿಂಗ್ ನಿಯಮಗಳಾಗಿವೆ. 2018ರಲ್ಲಿ ಅದರ 18ನೇ ಆವೃತ್ತಿ ಬಂತು.

ಅಮೆರಿಕದಲ್ಲೂ ಇದೇ ಕತೆ. 1893ರ ಶಿಕಾಗೋ ಮಹಾ ಪ್ರದರ್ಶನದಲ್ಲಿ ಲಕ್ಷಾಂತರ ದೀಪಗಳಿದ್ದವು, ವಿಮಾ ಕಂಪನಿಗಳಿಗೆ ನಿದ್ದೆ ಇರಲಿಲ್ಲ. ಅಲ್ಲಿ ವೈರಿಂಗ್ ಪರಿಶೀಲಿಸಲು ಹೋದ ವಿಲಿಯಂ ಹೆನ್ರಿ ಮೆರಿಲ್ ಎಂಬ ಯುವಕ ಮರುವರ್ಷವೇ ಒಂದು ಪರೀಕ್ಷಾ ಪ್ರಯೋಗಾಲಯ ತೆರೆದ. ನಮ್ಮ ಲ್ಯಾಪ್‌ಟಾಪ್ ಚಾರ್ಜರಿನ ಬೆನ್ನಿನ ಮೇಲೆ ವೃತ್ತದೊಳಗೆ ಯುಎಲ್ ಎಂದು ಇರುತ್ತದಲ್ಲ, ಅದು ಆ ಪ್ರಯೋಗಾಲಯದ ಗುರುತು. 1897ರಲ್ಲಿ ಅಮೆರಿಕದ ಮೊದಲ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಬಂತು. ಇವತ್ತಿಗೂ ಅದನ್ನು ಪ್ರಕಟಿಸುತ್ತಿರುವುದು ಬೆಂಕಿ ತಡೆಯುವುದಕ್ಕೆಂದು ಹುಟ್ಟಿದ ಸಂಸ್ಥೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಎಲೆಕ್ಟ್ರಿಷಿಯನ್ ಆ ದಪ್ಪ ಪುಸ್ತಕವನ್ನು ಪರೀಕ್ಷಾ ಕೊಠಡಿಗೇ ತೆಗೆದುಕೊಂಡು ಹೋಗಬಹುದು. ಎಲ್ಲ ನೆನಪಿದೆಯಾ ಎಂದು ಯಾರೂ ಕೇಳುವುದಿಲ್ಲ, ಬೇಕಾದ್ದನ್ನು ಹುಡುಕಿ ಸರಿಯಾಗಿ ಓದಬಲ್ಲೆಯಾ ಎಂಬುದೇ ಪ್ರಶ್ನೆ.

ದೀಪ ಮೊದಲು, ಕಾನೂನು ಆಮೇಲೆ

ನಮ್ಮಲ್ಲಿ ದೀಪ ಬೇಗ ಬಂತು. 1879ರ ಜುಲೈಯಲ್ಲಿ ಕಲ್ಕತ್ತೆಯಲ್ಲಿ ಫ್ಲೂರಿ ಕಂಪನಿ ವಿದ್ಯುತ್ ದೀಪದ ಪ್ರದರ್ಶನ ನಡೆಸಿತು. 1882ರಲ್ಲಿ ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ದೀಪ ಉರಿಯಿತು. ಆದರೆ ಆ ಕಂಪನಿ ಮರುವರ್ಷವೇ ಮುಳುಗಿ ಮಾರ್ಕೆಟ್ಟು ಮತ್ತೆ ಗ್ಯಾಸ್ ದೀಪಕ್ಕೆ ಮರಳಿತು.

ಮೈಸೂರು ಸಂಸ್ಥಾನದ ಕತೆ ನಮ್ಮಲ್ಲಿ ಹಲವರಿಗೆ ಬಾಯಿಪಾಠ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಶಿವನಸಮುದ್ರದ ಕೆಲಸ 1902ರಲ್ಲಿ ಮುಗಿದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಹರಿಯಿತು. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ರಲ್ಲಿ. ನಾವು ಈ ಕತೆ ಹೇಳುವಾಗ ದಿವಾನರ ಹೆಸರು ಹೇಳುತ್ತೇವೆ, ಯಂತ್ರ ಕೊಟ್ಟ ಜನರಲ್ ಎಲೆಕ್ಟ್ರಿಕ್ ಹೆಸರು ಹೇಳುತ್ತೇವೆ. ಕಾಡು ಮೇಡಿನಲ್ಲಿ ಕಂಬ ಹತ್ತಿ ತಂತಿ ಬಿಗಿದವರ ಹೆಸರು ಯಾವ ಪಠ್ಯದಲ್ಲೂ ನಾನು ಓದಿಲ್ಲ. ಅವರಿಗೆ ಯಾರು ಏನು ಕಲಿಸಿದರು, ಕಲಿತದ್ದನ್ನು ಯಾರು ಪರೀಕ್ಷಿಸಿದರು ಎಂಬ ಪ್ರಶ್ನೆಯೇ ನನಗೆ ಈ ವಯಸ್ಸಿನವರೆಗೆ ಹುಟ್ಟಿರಲಿಲ್ಲ.

ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾಗುವ ಒಂದು ವಿದ್ಯುತ್ ಕಾಯ್ದೆ 1903ರಲ್ಲಿ ಬಂತು. ಅದರ ಜಾಗಕ್ಕೆ 1910ರ ಕಾಯ್ದೆ ಬಂತು. ಇದು ಗಟ್ಟಿ ಜೀವ. ಸ್ವಾತಂತ್ರ್ಯ ದಾಟಿ, ಕಂಪ್ಯೂಟರ್ ದಾಟಿ, 2003ರವರೆಗೆ ಬದುಕಿತು. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಎಂಬ ಸರ್ಕಾರಿ ಹುದ್ದೆಗೆ, ಅಪಘಾತವಾದರೆ ವರದಿ ಕೊಡಬೇಕೆಂಬ ಕಟ್ಟಳೆಗೆ ಅದೇ ಆಧಾರ. ಕಾಯ್ದೆಯ ಕೆಳಗೆ ನಿಯಮಗಳು ಬಂದವು: 1937ರಲ್ಲಿ ಒಂದು ಕಟ್ಟು, ಗಣರಾಜ್ಯವಾದ ಮೇಲೆ 1956ರಲ್ಲಿ ಇನ್ನೊಂದು. ನಮ್ಮ ವೈರ್‌ಮನ್ನನ ಪರೀಕ್ಷೆಯ ಜಾತಕ ಈ 1956ರ ನಿಯಮಗಳಲ್ಲಿದೆ.

45ನೇ ನಿಯಮ

ನಿಯಮ 45 ಹೇಳುವುದು ಇಷ್ಟು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಇದ್ದ ಹಾಗೆಯೇ ಬದಲಾಯಿಸುವುದನ್ನು ಬಿಟ್ಟು, ಬೇರೆ ಯಾವ ವಿದ್ಯುತ್ ಕೆಲಸವನ್ನೂ ಎಲ್ಲರೂ ಮಾಡುವಂತಿಲ್ಲ. ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಕಂಟ್ರಾಕ್ಟರ್ ಮಾಡಿಸಬೇಕು. ಸಾಮರ್ಥ್ಯದ ಪ್ರಮಾಣಪತ್ರ ಇರುವ ಸೂಪರ್‌ವೈಸರ್ ಖುದ್ದು ನೋಡಿಕೊಳ್ಳಬೇಕು. ಪರ್ಮಿಟ್ ಇರುವವನೇ ಕೈಯಾರೆ ಮಾಡಬೇಕು. ಅಂದರೆ ಒಂದು ಪಾಯಿಂಟ್ ಹಾಕುವ ಕೆಲಸಕ್ಕೂ ಮೂರು ಜನರ ಹೊಣೆ, ಮೂರು ಕಾಗದ. ಈ ಮೂರೂ ಕಾಗದ ಕೊಡಲು ಪ್ರತಿ ರಾಜ್ಯದಲ್ಲೂ ಒಂದು ವ್ಯವಸ್ಥೆ ಬೆಳೆಯಿತು. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಸುತ್ತ, ಮಹಾರಾಷ್ಟ್ರದಲ್ಲಿ ಲೈಸೆನ್ಸಿಂಗ್ ಬೋರ್ಡಿನ ಸುತ್ತ.

ಕಾಗದದ ಮೇಲೆ ನೋಡಿದರೆ ಇದು ಒಳ್ಳೆಯ ಯೋಚನೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಕೋಡ್ ಬರೆಯುವವ ಒಬ್ಬ, ರಿವ್ಯೂ ಮಾಡುವವ ಇನ್ನೊಬ್ಬ, ಗ್ರಾಹಕನಿಗೆ ಉತ್ತರ ಕೊಡುವವ ಮೂರನೆಯವ. ಆದರೆ ರಿವ್ಯೂ ಮಾಡಬೇಕಾದವ ನೋಡದೇ ಸಹಿ ಹಾಕಿದರೆ ಏನಾಗುತ್ತದೆಂದು ಸಾಫ್ಟ್‌ವೇರ್ ಮಂದಿಗೆ ಹೇಳಿಕೊಡಬೇಕಿಲ್ಲ. ನಮ್ಮ ಇಂಡಿಯ ಹುಡುಗನ ಪರ್ಸಿನಲ್ಲಿದ್ದ ಜೆರಾಕ್ಸ್ ಅಂಥದೇ ಸಹಿ.

ಆ ನಿಯಮದಲ್ಲಿ ಇನ್ನೊಂದು ಮಾತು ನನ್ನ ಕಣ್ಣಿಗೆ ಬಿತ್ತು. ಪರ್ಮಿಟ್ಟು ರಾಜ್ಯ ಸರ್ಕಾರ ‘ನೀಡಿದ ಅಥವಾ ಮಾನ್ಯ ಮಾಡಿದ’ ಪರ್ಮಿಟ್ಟಾಗಿರಬೇಕು. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತಿನ ತೂಕ ಬೇಗ ತಿಳಿಯುತ್ತದೆ. 1950ರ ತರಬೇತಿ ಯೋಜನೆಯಿಂದ ಬೆಳೆದ ಐಟಿಐ ವ್ಯವಸ್ಥೆಯಲ್ಲಿ ಅಖಿಲ ಭಾರತ ಟ್ರೇಡ್ ಟೆಸ್ಟ್ ಇದೆ. ಅದರ ಪ್ರಮಾಣಪತ್ರಕ್ಕೆ ದೇಶದಲ್ಲೆಲ್ಲ ಬೆಲೆ. ಆದರೆ ಗೋಡೆ ಕೊರೆದು ತಂತಿ ಎಳೆಯುವ ಹಕ್ಕು ಕೊಡುವುದು ರಾಜ್ಯ. ನನ್ನ ಎಂಟೆಕ್ ಪದವಿಯನ್ನು ಪುಣೆಯಲ್ಲಿ ಯಾರೂ ಮತ್ತೊಮ್ಮೆ ಮಾನ್ಯ ಮಾಡಬೇಕಾಗಿ ಬರಲಿಲ್ಲ. ನನಗಿಂತ ಅಪಾಯದ ಕೆಲಸ ಮಾಡುವವನು ಗಡಿ ದಾಟಿದ ಕೂಡಲೇ ಮತ್ತೆ ಒಂದು ಬಾಗಿಲು ತಟ್ಟಬೇಕು. ಅಲ್ಲಿಯವರೆಗೆ ಬೇರೆಯವರ ಫೋಟೋ ಇರುವ ಕಾಗದದ ಕೆಳಗೆ ಕೆಲಸ ಮಾಡುತ್ತಾನೆ.

ಮಹಾರಾಷ್ಟ್ರದಲ್ಲಿ ಐಟಿಐ ಎಲೆಕ್ಟ್ರಿಷಿಯನ್ನನಿಗೆ ‘ವೀಜತಂತ್ರಿ’ ಎನ್ನುತ್ತಾರೆ, ವೈರ್‌ಮನ್ನನಿಗೆ ‘ತಾರತಂತ್ರಿ’. ಹುಡುಗನಿಗೆ ಈ ಹೆಸರು ಹೇಳಿದಾಗ ನಕ್ಕುಬಿಟ್ಟ. ‘ಪೂಜಾ ಮಾಡಾವ್ರ ಹೆಸರಾದಂಗ ಆತಲ್ರಿ.’

ಪ್ರಶ್ನೆಗಳ ಹಿಂದಿನ ಹೆಣಗಳು

ಮೂರು ತಿಂಗಳು ಭಾನುವಾರ ಸಂಜೆ ಬರುತ್ತಿದ್ದ. ನಾನು ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುವುದು, ಅವನು ಉತ್ತರಿಸುವುದು. ಎರಡನೇ ವಾರಕ್ಕೇ ನನಗೆ ಒಂದು ವಿಚಾರ ಹೊಳೆಯಿತು. ನನಗೆ ನಿಯಮದ ಸಂಖ್ಯೆ ನೆನಪಿರುತ್ತದೆ, ಕಾರಣ ಗೊತ್ತಿಲ್ಲ. ಅವನಿಗೆ ಸಂಖ್ಯೆ ನೆನಪಿರುವುದಿಲ್ಲ, ಕಾರಣ ಅಂಗೈಯಲ್ಲಿದೆ.

ಉದಾಹರಣೆಗೆ ನಿಯಮ 32. ಅರ್ತ್ ಮಾಡಿದ ನ್ಯೂಟ್ರಲ್ ತಂತಿಯಲ್ಲಿ ಒಂಟಿ ಸ್ವಿಚ್ಚನ್ನಾಗಲೀ ಫ್ಯೂಸನ್ನಾಗಲೀ ಹಾಕಬಾರದು. ನಾನು ಅದನ್ನು ಓದಿದೆ. ಅವನು ನನ್ನ ಟೇಬಲ್ ಲ್ಯಾಂಪ್ ತೋರಿಸಿ ವಿವರಿಸಿದ. ‘ನ್ಯೂಟ್ರಲ್‌ನಾಗ ಸ್ವಿಚ್ ಹಾಕಿದ್ರ ದೀಪ ಆರ್ತದರಿ. ಆರೇದ ಅಂತ ನೀವು ಹೋಲ್ಡರ್‌ನಾಗ ಕೈ ಹಾಕ್ತೀರಿ. ಫೇಸ್ ಅಲ್ಲೇ ಕುಂತಿರ್ತದ.’ ಒಂದು ಕಾಲದಲ್ಲಿ ಎರಡೂ ತಂತಿಗೆ ಫ್ಯೂಸ್ ಹಾಕುವ ರೂಢಿ ಇತ್ತು. ನ್ಯೂಟ್ರಲ್ ಫ್ಯೂಸ್ ಮೊದಲು ಹೋದರೆ ಇಡೀ ಮನೆ ಕತ್ತಲಾಗುತ್ತದೆ, ಆದರೆ ಇಡೀ ಮನೆಯ ತಂತಿ ಜೀವಂತವಾಗಿಯೇ ಇರುತ್ತದೆ. ‘ಕರೆಂಟ್ ಹೋಗಿದೆ’ ಎಂದು ನಂಬಿ ಮುಟ್ಟಿದವರ ಅನುಭವವೇ ನಿಯಮ 32 ಆಗಿದೆ.

ಮೂರು ಕಾಲಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಯಾಕೆ ಉದ್ದ, ಯಾಕೆ ದಪ್ಪ ಎಂಬುದು ಇನ್ನೊಂದು ಹಳೆಯ ಪ್ರಶ್ನೆ. ಬ್ರಿಟಿಷರ ಗುಂಡು ಪಿನ್ನಿನ ಪ್ಲಗ್ಗು ಇದು. ಅವರು 1947ರಲ್ಲಿ ಹೊಸ ಚಪ್ಪಟೆ ಪಿನ್ನಿನ ವಿನ್ಯಾಸ ಗೊತ್ತುಮಾಡಿಕೊಂಡು ಇದನ್ನು ಬಿಡುತ್ತ ಬಂದರು, ನಮ್ಮಲ್ಲಿ ಉಳಿಯಿತು. ಉದ್ದ ಯಾಕೆಂದರೆ, ಚುಚ್ಚುವಾಗ ಅರ್ತ್ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ದಪ್ಪ ಯಾಕೆಂದರೆ, ಅದು ತಪ್ಪಿಯೂ ಫೇಸ್ ತೂತಿಗೆ ಹೋಗಬಾರದು. ಮುಟ್ಟುವವನಿಗೆ ಏನೂ ಗೊತ್ತಿಲ್ಲದಿದ್ದರೂ ವಸ್ತುವೇ ಅವನನ್ನು ಕಾಯುವಂತೆ ಮಾಡಿದ ವಿನ್ಯಾಸ ಅದು.

ಬಣ್ಣದ ಪ್ರಶ್ನೆಯಲ್ಲಿ ದೇಶಾಂತರದ ಕತೆ ಇದೆ. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಫೇಸುಗಳು, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಎಂದು ಕಲಿಸುತ್ತ ಬಂದಿದ್ದಾರೆ. ಅಮೆರಿಕದಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್. ಬ್ರಿಟನ್ನಿನಲ್ಲಿ 2004ರಿಂದ ಕಂದು ಫೇಸು, ನೀಲಿ ನ್ಯೂಟ್ರಲ್. ಅಂದರೆ ಇಲ್ಲಿ ಒಂದು ಫೇಸಿನ ಬಣ್ಣವಾದ ನೀಲಿ ಅಲ್ಲಿ ನ್ಯೂಟ್ರಲ್. ಒಂದೂರಿನಲ್ಲಿ ಪರೀಕ್ಷೆ ಪಾಸಾದ ಕಣ್ಣು ಇನ್ನೊಂದೂರಿನಲ್ಲಿ ಜೀವ ತೆಗೆಯಬಹುದು. ಹುಡುಗನ ಉತ್ತರ ಇದಕ್ಕೂ ಸರಳ: ‘ಬಣ್ಣ ನಂಬಬಾರದ್ರಿ. ಟೆಸ್ಟರ್ ಹಚ್ಚಿ ನೋಡ್ಬೇಕು. ಟೆಸ್ಟರ್ ಸುದ್ದಾ ಮೊದಲ ಗೊತ್ತಿದ್ದ ಪಾಯಿಂಟಿಗೆ ಹಚ್ಚಿ ನೋಡ್ಬೇಕು.’ ಎರಡನೇ ವಾಕ್ಯ ನನ್ನ ಉತ್ತರಪುಸ್ತಕದಲ್ಲಿ ಇರಲಿಲ್ಲ.

ಉಸಿರು ಕೊಡುವ ವಿದ್ಯೆ

ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೊದಲ ಅಧ್ಯಾಯ. ಐಟಿಐ ಎಲೆಕ್ಟ್ರಿಷಿಯನ್ ಪುಸ್ತಕಗಳು ಶುರುವಾಗುವುದೇ ಸುರಕ್ಷತೆಯಿಂದ. ಶಾಕ್ ಹೊಡೆದವನಿಗೆ ಕೃತಕ ಉಸಿರಾಟ ಕೊಡುವುದು ಹೇಗೆ ಎಂಬ ಪ್ರಶ್ನೆ ತಪ್ಪುವುದೇ ಇಲ್ಲ. ಹುಡುಗ ಗಿಣಿಯ ಹಾಗೆ ಒಪ್ಪಿಸಿದ: ಶೇಫರ್ ವಿಧಾನ, ನೆಲ್ಸನ್ ವಿಧಾನ, ಬಾಯಿಗೆ ಬಾಯಿ.

ಯಾರಪ್ಪ ಈ ಶೇಫರ್? ಹುಡುಕಿದರೆ, ಎಡಿನ್‌ಬರೋದ ಶರೀರಶಾಸ್ತ್ರಜ್ಞ ಎಡ್ವರ್ಡ್ ಶೇಫರ್. ಬಿದ್ದವನನ್ನು ಬೋರಲು ಮಲಗಿಸಿ ಬೆನ್ನು ಒತ್ತುವ ವಿಧಾನವನ್ನು ಆತ 1903ರಲ್ಲಿ ಮುಂದಿಟ್ಟ. ಅದೇ ವರ್ಷ ನಮ್ಮಲ್ಲಿ ಆ ವಿದ್ಯುತ್ ಕಾಯ್ದೆ ಬಂದದ್ದು. ಪುಸ್ತಕದ ‘ನೆಲ್ಸನ್’ ಬಹುಶಃ ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್. ಬೆನ್ನು ಒತ್ತಿ ತೋಳೆತ್ತುವ ಅವನ ವಿಧಾನ 1932ರದು. ಎರಡೂ ಉಸಿರಿಗೆ ಮದ್ದು. ಆದರೆ ಮನೆಯ ಕರೆಂಟು ಕೊಲ್ಲುವುದು ಹೆಚ್ಚಾಗಿ ಹೃದಯದ ಲಯ ಕೆಡಿಸಿ. ನಿಂತ ಹೃದಯಕ್ಕೆ ಬೆನ್ನು ಒತ್ತಿ ಏನು ಉಪಯೋಗ?

ಈ ಗಂಟನ್ನು ಬಿಡಿಸಿದವನು ವೈದ್ಯನಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್. ಕಂಬದ ಮೇಲೆ ಲೈನ್‌ಮನ್‌ಗಳು ಸಾಯುತ್ತಿದ್ದರು. ಯಾಕೆ ಸಾಯುತ್ತಾರೆ, ಹೇಗೆ ಉಳಿಸಬಹುದು ಎಂಬ ಸಂಶೋಧನೆಗೆ ವಿದ್ಯುತ್ ಉದ್ಯಮವೂ ಹಣ ಕೊಟ್ಟಿತು. 1920ರ ದಶಕದ ಕೊನೆಗೆ ಶುರುವಾದ ಕೆಲಸ, 1950ರ ದಶಕದಲ್ಲಿ ಎದೆ ತೆರೆಯದೇ ಹೊರಗಿನಿಂದ ಶಾಕ್ ಕೊಟ್ಟು ಹೃದಯವನ್ನು ಲಯಕ್ಕೆ ತರುವ ಯಂತ್ರದವರೆಗೆ ಬಂತು. ಅದರ ಪ್ರಯೋಗ ನಡೆಯುತ್ತಿದ್ದಾಗ, ಗೈ ನಿಕರ್‌ಬಾಕರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ಸಣ್ಣ ಸಂಗತಿ ಗಮನಿಸಿದ. ಯಂತ್ರದ ಭಾರದ ಹಿಡಿಗಳನ್ನು ನಾಯಿಯ ಎದೆಗೆ ಒತ್ತಿದ ಕೂಡಲೇ, ಶಾಕ್ ಕೊಡುವ ಮೊದಲೇ, ಅದರ ರಕ್ತದೊತ್ತಡ ಸ್ವಲ್ಪ ಏರುತ್ತಿತ್ತು. ಬರೀ ಒತ್ತುವುದರಿಂದಲೇ ರಕ್ತ ಹರಿಯುತ್ತದೆ! ಶಸ್ತ್ರವೈದ್ಯ ಜೇಮ್ಸ್ ಜೂಡ್ ಜೊತೆ ಸೇರಿ ಮೂವರೂ 1960ರಲ್ಲಿ ಪ್ರಕಟಿಸಿದ ಲೇಖನದಿಂದ ಎದೆ ಒತ್ತುವ ವಿಧಾನ ಲೋಕಕ್ಕೆ ಹಬ್ಬಿತು. ಈಗ ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಬೊಂಬೆಯ ಎದೆ ಒತ್ತಿಸಿ ಕಲಿಸುವ ಸಿಪಿಆರ್ ಇದೇ. ಏಸಿ ಕೋಣೆಯಲ್ಲಿ ಕೂತವರನ್ನು ಉಳಿಸುವ ಈ ವಿದ್ಯೆ ಕಂಬದ ಮೇಲೆ ಸತ್ತವರ ಕೊಡುಗೆ ಎಂಬುದನ್ನು ಯಾವ ತರಬೇತುದಾರರೂ ನಮಗೆ ಹೇಳಲಿಲ್ಲ.

1956ರ ನಿಯಮ 44 ಶಾಕ್ ಹೊಡೆದವರ ಶುಶ್ರೂಷೆಯ ಸೂಚನೆಗಳನ್ನು ಗೋಡೆಗೆ ತೂಗುಹಾಕಬೇಕೆನ್ನುತ್ತದೆ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲಿ. ತಲೆಬುರುಡೆಯ ಎಚ್ಚರಿಕೆ ಹಲಗೆಗೂ ಇಂಥದೇ ನಿಯಮ ಇದೆ. ‘ಅಪಾಯ’ ಎಂಬ ಪದವನ್ನು ನಾನು ಬಾಲ್ಯದಲ್ಲಿ ಕಲಿತದ್ದು ಶಾಲೆಯಲ್ಲಲ್ಲ, ನಮ್ಮೂರ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ. ಅಪಾಯವನ್ನು ಜನರ ಭಾಷೆಯಲ್ಲೇ ಹೇಳಬೇಕೆಂದು ಕಾನೂನು ಅಷ್ಟು ಹಿಂದೆಯೇ ಅರಿತಿತ್ತು. ಆದರೆ ಜಿಲ್ಲೆಯ ಭಾಷೆ ಬೇರೆ, ಆ ಜಿಲ್ಲೆಯಲ್ಲಿ ಕೆಲಸ ಮಾಡುವವನ ಭಾಷೆ ಬೇರೆ ಆದಾಗ ಏನು ಮಾಡಬೇಕು? ಪುಣೆಯ ಹಲಗೆ ಮರಾಠಿಯಲ್ಲಿದೆ. ಕಂಬದ ಕೆಳಗೆ ನಿಂತವರು ಇಂಡಿಯವರು, ಬಿಹಾರದವರು, ಒಡಿಶಾದವರು.

ಆ ಬಟನ್ನು

ಅಂದು ಅರ್ತ್ ಲೀಕೇಜಿನ ಪಾಠ. ಅದರ ಹಿಂದೆಯೂ ಒಂದು ಚರಿತ್ರೆ. ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಚಾರ್ಲ್ಸ್ ಡಾಲ್ಜಿಯೆಲ್ ಎಂಬ ಪ್ರಾಧ್ಯಾಪಕ 1940ರ ದಶಕದಲ್ಲಿ ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಕರೆಂಟನ್ನು ನಿಧಾನವಾಗಿ ಏರಿಸುತ್ತ, ಎಷ್ಟರವರೆಗೆ ಅವರು ತಂತಿಯನ್ನು ತಾವೇ ಬಿಡಬಲ್ಲರು ಎಂದು ಅಳೆದ. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ ಹತ್ತೂವರೆ. ಅದನ್ನು ದಾಟಿದರೆ ಸ್ನಾಯು ಬಿಗಿದು ಕೈ ಅಂಟಿಕೊಳ್ಳುತ್ತದೆ. ಮನೆಯ ಫ್ಯೂಸು ಆಂಪಿಯರ್‌ಗಟ್ಟಲೆ ಕರೆಂಟಿಗೆ ಕಾಯುತ್ತದೆ, ಮನುಷ್ಯನಿಗೆ ಆಂಪಿಯರಿನ ಒಂದು ಚೂರು ಸಾಕು. ಎಂದರೆ ಫ್ಯೂಸು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಬೇರೆ ಸಾಧನ ಬೇಕಿತ್ತು. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಹೋಲಿಸಿ, ಸಣ್ಣ ವ್ಯತ್ಯಾಸ ಕಂಡರೂ ಕಡಿದುಹಾಕುವ ಸಾಧನ ಅದು. ನಮ್ಮಲ್ಲಿ ಮನೆಗಳಿಗೆ ಸಾಮಾನ್ಯವಾಗಿ 30 ಮಿಲಿಆಂಪಿಯರಿನದನ್ನು ಹಾಕುತ್ತಾರೆ. 1956ರ ನಿಯಮಗಳಿಗೆ ಆಮೇಲೆ ಸೇರಿದ 61ಎ ಇದನ್ನು ಕಡ್ಡಾಯ ಮಾಡಿತು. ಆದರೆ ಕಡಿಮೆ ವೋಲ್ಟೇಜಿನ, 5 ಕಿಲೋವಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನು ಬಿಟ್ಟಿತು. ಅಂದರೆ ಚಿಕ್ಕ ಮನೆಗಳನ್ನು, ಹಸಿ ಗೋಡೆಯ ಮನೆಗಳನ್ನು, ಹುಡುಗನ ಅವ್ವ ಇರುವ ಮನೆಯಂಥವನ್ನು.

ನಾನು ಇದೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಅವನು ಎದ್ದು ನನ್ನ ಬಾಗಿಲ ಮೇಲಿನ ಡಿಬಿ ತೆರೆದು ಕೇಳಿದ, ‘ಸರ, ಇದರಾಗ ಟಿ ಅಂತ ಬಟನ್ ಐತಲ್ಲ, ಕಡೀಕ ಯಾವಾಗ ಒತ್ತೀರಿ?’

ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಅವನು ಒತ್ತಿದ. ಏನೂ ಆಗಲಿಲ್ಲ. ಮೇನ್ ತೆಗೆದು, ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದ. ಸಾಧನ ಇತ್ತು, ಆದರೆ ತಂತಿಗಳು ಅದರೊಳಗೆ ಹೋಗದೆ ಪಕ್ಕದಲ್ಲೇ ಕೂಡಿಕೊಂಡಿದ್ದವು. ಯಾರೋ ಬೈಪಾಸ್ ಮಾಡಿದ್ದರು.

‘ಯಾರ ಮಾಡ್ಯಾರ್ರಿ ಇದನ್ನ?’

ನನಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೊದಲ ಮಳೆಗಾಲದಲ್ಲಿ ಇದು ಪದೇ ಪದೇ ಬೀಳುತ್ತಿತ್ತು. ಒಮ್ಮೆ ನಾನು ರಾತ್ರಿ ಅಮೆರಿಕದ ಜೊತೆ ಕಾಲ್‌ನಲ್ಲಿದ್ದಾಗಲೇ ವೈಫೈ ಹೋಯಿತು. ಮರುದಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ‘ಇದು ಬೀಳದ ಹಾಗೆ ಮಾಡಿಕೊಡಿ’ ಎಂದೆ. ಅವರು ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು. ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಕೊಟ್ಟು ಕಳಿಸಿದ್ದೆ. ಅವರಿಗೆ ಪರ್ಮಿಟ್ ಇತ್ತೋ ಇಲ್ಲವೋ ನಾನು ಕೇಳಿರಲಿಲ್ಲ. ಇದ್ದಿದ್ದರೂ ಏನು? ಅದು ಯಾಕೆ ಬೀಳುತ್ತಿದೆ ಎಂದು ಅವರು ಹುಡುಕುವುದು ನನಗೆ ಬೇಕಿರಲಿಲ್ಲ. ಕಾರಣವನ್ನು ಈ ಹುಡುಗ ಅರ್ಧ ಗಂಟೆಯಲ್ಲಿ ಹುಡುಕಿದ. ಬಚ್ಚಲ ಮನೆಯ ಗೀಸರಿನ ಕಾಯಿಲ್ ಲೀಕ್ ಆಗುತ್ತಿತ್ತು. ನನ್ನ ಮಕ್ಕಳಿಬ್ಬರೂ ಒಂಬತ್ತು ವರ್ಷ ಸ್ನಾನ ಮಾಡಿದ ಗೀಸರು. ಅಷ್ಟು ಕಾಲ ನಮ್ಮನ್ನು ಉಳಿಸಿದ್ದು ಕಟ್ಟಡದ ಅರ್ತ್ ತಂತಿ ಒಂದೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪರೀಕ್ಷೆ ಯಾರಿಗೆ?

2003ರ ವಿದ್ಯುತ್ ಕಾಯ್ದೆ 1910ರದನ್ನು ರದ್ದು ಮಾಡಿತು. ಆದರೆ ಹೊಸ ಸುರಕ್ಷತಾ ವಿನಿಯಮ ಬರುವವರೆಗೆ 1956ರ ನಿಯಮಗಳೇ ನಡೆಯಲಿ ಎಂದಿತು. ಅವು ಬರಲು 2010 ಆಯಿತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರಲ್ಲಿ ಅವನ್ನು ಮತ್ತೆ ಹೊಸದಾಗಿ ಹೊರಡಿಸಿತು. ಇದರ ಪಕ್ಕದಲ್ಲಿ, ಮಾನಕ ಸಂಸ್ಥೆ 1985ರಲ್ಲಿ ತಂದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ ಇದೆ. ಅದು 2011ರಲ್ಲಿ, 2023ರಲ್ಲಿ ಪರಿಷ್ಕಾರವಾಗಿದೆ. ನಿಯಮಗಳ ಸಂಖ್ಯೆ ಬದಲಾದರೂ ಲೈಸೆನ್ಸ್, ಪ್ರಮಾಣಪತ್ರ, ಪರ್ಮಿಟ್ ಎಂಬ ಮೂರು ಮೆಟ್ಟಿಲು ಹಾಗೇ ಇವೆ. ಓದಲು ನಮ್ಮಲ್ಲಿ ನಿಯಮಕ್ಕೇನೂ ಕೊರತೆ ಇಲ್ಲ. ಆದರೂ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಗಳಲ್ಲಿ ವಿದ್ಯುತ್ ತಗುಲಿ ಸತ್ತವರು ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು.

ಪರೀಕ್ಷೆ ಬೇಡ ಎಂದು ನಾನು ಹೇಳುವುದಿಲ್ಲ. ನಿಯಮ 32ರಂಥದ್ದನ್ನು ಪ್ರತಿಯೊಬ್ಬನೂ ಮತ್ತೆ ಒಂದು ಶಾಕಿನಿಂದ ಕಲಿಯಬೇಕಿಲ್ಲ, ಅದಕ್ಕೇ ಪುಸ್ತಕ ಇರುವುದು. ಆದರೆ ಪರೀಕ್ಷೆ ಅಳೆಯುವುದು ಕೆಲಸಗಾರನಿಗೆ ಏನು ಗೊತ್ತು ಎಂಬುದನ್ನು. ಗೊತ್ತಿದ್ದುದನ್ನು ಮಾಡಲು ಅವನಿಗೆ ಯಾರು ಬಿಡುತ್ತಾರೆ ಎಂಬುದನ್ನಲ್ಲ. 1956ರ ನಿಯಮ 36 ಲೈನಿನ ಮೇಲೆ ಕೆಲಸ ಮಾಡುವವನಿಗೆ ಕೈಗವಸು, ರಬ್ಬರ್ ಶೂ, ಸುರಕ್ಷಾ ಬೆಲ್ಟು, ಹೆಲ್ಮೆಟ್ಟು ಕೊಡಬೇಕೆನ್ನುತ್ತದೆ. ಪರೀಕ್ಷೆಯಲ್ಲಿ ಅವನು ಆ ಪಟ್ಟಿಯನ್ನು ಸರಿಯಾಗಿ ಬರೆದರೆ ಅಂಕ. ಕೊಡಬೇಕಾದವರಿಗೆ ಯಾವ ಪ್ರಶ್ನೆಪತ್ರಿಕೆಯೂ ಇಲ್ಲ. ‘ಬೀಳದ ಹಾಗೆ ಮಾಡಿಕೊಡಿ’ ಎಂದ ನನಗೂ ಇರಲಿಲ್ಲ.

ನಮ್ಮ ಪಾರ್ಕಿಂಗಿನ ಕೆಲಸ ಮುಗಿಯಿತು. ಕಮಿಟಿಯಲ್ಲಿ ನಾನು ಹಟ ಹಿಡಿದೆ: ಸಹಿ ಹಾಕುವ ಸೂಪರ್‌ವೈಸರ್ ಖುದ್ದಾಗಿ ಬರಬೇಕು, ನಮ್ಮ ಎದುರೇ ಮೆಗ್ಗರ್ ಹಿಡಿದು 500 ವೋಲ್ಟಿನಲ್ಲಿ ಇನ್ಸುಲೇಷನ್ ನೋಡಬೇಕು, ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಬಿಲ್ ಇಲ್ಲ. ಖರ್ಚು ಸ್ವಲ್ಪ ಹೆಚ್ಚಾಯಿತು. ಇಬ್ಬರು ಸದಸ್ಯರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಸೂಪರ್‌ವೈಸರ್ ಬಂದ ದಿನ ಹುಡುಗ ಅವರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ರೀಡಿಂಗ್ ಚೆನ್ನಾಗಿ ಬಂದಾಗ ಅವರು ಅವನ ಬೆನ್ನು ತಟ್ಟಿದರು.

ಅವನು ವೈರ್‌ಮನ್ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಮರಾಠಿ ಅಕ್ಷರ ಈಗ ಕೂಡಿಸಿ ಓದುತ್ತಾನೆ. ಭಾನುವಾರ ಬಂದಾಗ ಮೊದಲು ಡಿಬಿ ತೆರೆದು ಆ ಬಟನ್ ಒತ್ತುತ್ತಾನೆ. ಟಕ್ ಎಂದು ಮನೆಯೆಲ್ಲ ಆರುತ್ತದೆ, ಮಕ್ಕಳು ಒಳಗಿನಿಂದ ಕೂಗುತ್ತಾರೆ. ನೀವೂ ಇದನ್ನು ಓದಿ ಮುಗಿಸಿದ ಮೇಲೆ ಎದ್ದುಹೋಗಿ ನಿಮ್ಮ ಮನೆಯದನ್ನು ಒಮ್ಮೆ ಒತ್ತಿ ನೋಡಿ. ಕಾಲ್‌ನಲ್ಲಿದ್ದರೆ ಕಾಲ್ ಮುಗಿಸಿಯೇ ಒತ್ತಿ, ಆದರೆ ಇವತ್ತೇ ಒತ್ತಿ.